ದಾನದ ರಜೆ

ಫೆಬ್ರವರಿ 3, ಸೋಮವಾರ

ಕಾಫಿ ಕುದ್ದು ಕಹಿಯಾಯಿತು. ಮೊಮ್ಮಗಳು ಕೊರಾ ಇನ್ನೂ ಎದ್ದಿರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ಕುಂಟುತ್ತ ಬಂದಳು. ಬೂಟಿನೊಳಗೆ ಕಾಲು ಹೋಗುವುದಿಲ್ಲವಂತೆ. ನನ್ನ ಗಂಡನ ಹಳೆಯ ಬೂಟು ಕೊಟ್ಟೆ. ಅದೂ ಬಿಗಿ.

ಏಳು ತಿಂಗಳ ಬಸುರಿ. ಬಾವು ಇದ್ದದ್ದೇ. ಇವಳ ಅಮ್ಮನನ್ನು ಹೊತ್ತಾಗ ನಾನೂ ಹೀಗೇ ಇದ್ದೆ, ಇದೇ ಫಿರಂಗಿ ಗುಂಡಿನ ಕಾರ್ಖಾನೆಯಲ್ಲಿ, ಕುಲುಮೆಯ ಮುಂದೆ ನಿಂತು. ಇವಳದು ಗುಂಡಿಗೆ ಬಣ್ಣ ಹೊಡೆಯುವ ಕೆಲಸ. ಮಗುವಿನ ಅಪ್ಪ ಬೇಸಿಗೆಯಲ್ಲೇ ಓಡಿಹೋದ. ಒಳ್ಳೆಯದಾಯಿತು, ತಿನ್ನುವ ಬಾಯಿ ಒಂದು ಕಮ್ಮಿ.

ಕಡಲಾಚೆ ಯುದ್ಧ ಶುರುವಾದ ಮೇಲೆ ಕಾರ್ಖಾನೆಗೆ ಸರ್ಕಾರ ಹೊಸ ಶೆಡ್ ಕಟ್ಟಿಸಿದೆ. ಈಗ ಮೂರು ಪಾಳಿ. ಶೆಡ್ ಎದ್ದ ವರ್ಷವೇ ಊರಿನ ಹೆರಿಗೆ ವಾರ್ಡಿಗೆ ಬೀಗ ಬಿತ್ತು. ಇನ್ನು ಹೆರಬೇಕಾದರೆ ಗುಡ್ಡ ದಾಟಬೇಕು. ಆ ದಿನ ಹಿಮ ಬಿದ್ದರೆ... ಬೇಡ. ಬರೆಯುವುದಿಲ್ಲ.

ಫೆಬ್ರವರಿ 6, ಗುರುವಾರ

ಕಾರ್ಖಾನೆಯ ಊಟದ ಕೋಣೆಯಲ್ಲಿ, ಸೀಮಂತದ ಹಾಗೆ, ಕೊರಾಗೆ ಕೇಕು ಕೊಯ್ದರಂತೆ. ಮೇಸ್ತ್ರಿ ವಾಂಡಾ ಖಾಲಿ ಕಾಫಿ ಡಬ್ಬಿ ಇಟ್ಟಳಂತೆ. ಹೆತ್ತವಳಿಗೆ ಸಂಬಳದ ರಜೆ ನಮ್ಮ ಕಾರ್ಖಾನೆಯಲ್ಲಿಲ್ಲ. ಜೊತೆಯವರೇ ತಮ್ಮ ರಜೆಯಲ್ಲಿ ಒಂದೊಂದು ದಿನ ಬಿಟ್ಟುಕೊಡಬೇಕು. ಹೆಸರು ಬರೆದು ಡಬ್ಬಿಗೆ ಹಾಕಿದರೆ ಆಯಿತು. ನಾನೂ ನನ್ನ ಕಾಲದಲ್ಲಿ ಎಷ್ಟೋ ಜನಕ್ಕೆ ಹಾಕಿದ್ದೇನೆ.

ಅವಳ ಜೊತೆ ಕೆಲಸದ ಗಾರ್ತ್ ಜಿಂಕೆ ಬೇಟೆಯ ಮೊದಲ ದಿನಕ್ಕೆಂದು ಇಟ್ಟುಕೊಂಡಿದ್ದ ರಜೆಯನ್ನೇ ಹಾಕಿದನಂತೆ. ಆ ಮುದುಕ, ಹೆಂಡತಿ ಸತ್ತ ವರ್ಷವೂ ಬೇಟೆ ತಪ್ಪಿಸಿರಲಿಲ್ಲ. ಕೇಳಿ ಕಣ್ಣು ತುಂಬಿತು. ಈರುಳ್ಳಿ ಹೆಚ್ಚುತ್ತಿದ್ದೆ, ಸದ್ಯ.

ಫೆಬ್ರವರಿ 9, ಭಾನುವಾರ

ತಮ್ಮ ಡೆಲ್ಬರ್ಟ್ ಜರ್ಮನಿಯಿಂದ ಫೋನ್ ಮಾಡಿದ. ಸೈನ್ಯದವರು ಕಳಿಸಿದ್ದು, ಅಲ್ಲಿಯವಳನ್ನೇ ಕಟ್ಟಿಕೊಂಡು ಉಳಿದುಬಿಟ್ಟ.

"ಅಕ್ಕಾ, ಅವಳನ್ನ ಇನ್ನೂ ಕೆಲಸಕ್ಕೆ ಕಳಿಸ್ತಿದೀಯಾ?"

"ಇಲ್ಲ, ಸಿಂಹಾಸನದ ಮೇಲೆ ಕೂರಿಸಿದೀನಿ."

"ಇಲ್ಲಿ ಹೊಟ್ಟೆ ಕಂಡರೆ ಮಾಲೀಕ ಭಾರ ಎತ್ತಿಸೋ ಹಾಗಿಲ್ಲ, ಗೊತ್ತಾ? ಎತ್ತಿಸಿದರೆ ಅವನಿಗೇ ದಂಡ. ಹೆರಿಗೆಗೆ ಆರು ವಾರ ಮುಂಚೆನೇ ಮನೆ. ಸಂಬಳ ಬರ್ತಾ ಇರುತ್ತೆ. ಹೆತ್ತ ಮೇಲೆ ಸೂಲಗಿತ್ತಿ ಮನೆಗೇ ಬರ್ತಾಳೆ."

"ನಿಮ್ಮ ದೇಶ ಕಾಯೋದು ನಮ್ಮ ಗುಂಡು ಕಣೋ. ನಾವು ಗುಂಡು ಎರಕ ಹೊಯ್ತೀವಿ, ನೀವು ತೊಟ್ಟಿಲು ತೂಗಿಕೊಂಡು ಕೂತಿದೀರಿ."

"ಅದೇ ನಾನೂ ಕೇಳೋದು. ಗುಂಡಿಗೆ ದುಡ್ಡಿದೆ, ಕೊರಾಗೆ ಯಾಕಿಲ್ಲ? ಇಲ್ಲೇನೂ ಪುಕ್ಕಟೆ ಅಲ್ಲ ಅಕ್ಕಾ. ತೆರಿಗೆ ಕಟ್ಟುವಾಗ ನಾನೂ ಶಾಪ ಹಾಕ್ತೀನಿ. ಆಮೇಲೆ ಮೊಮ್ಮಗು ನೋಡ್ತೀನಿ, ಬಾಯಿ ಮುಚ್ಕೋತೀನಿ."

ಇಷ್ಟು ಶೇಕಡಾ ಸೈನ್ಯಕ್ಕೆ, ಇಷ್ಟು ಶೇಕಡಾ ಮಕ್ಕಳಿಗೆ ಅಂತ ಶುರುಮಾಡಿದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಶೇಕಡಾ ಹೇಳಬೇಡ ಅಂದೆ. ಫೋನ್ ಇಟ್ಟೆ.

ಸಿಟ್ಟು ಬಂದದ್ದು ಅವನು ಸುಳ್ಳು ಹೇಳಿದ ಅಂತಲ್ಲ.

ಫೆಬ್ರವರಿ 11, ಮಂಗಳವಾರ

ತಲೆ ಸಿಡಿಯುತ್ತಿದೆ ಅಂದಳು ಕೊರಾ. ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗೆ ಅಂದಳು. ಹೋದ ವಾರ ಗುಡ್ಡದಾಚೆ ಡಾಕ್ಟರಿಗೆ ತೋರಿಸುವುದಿತ್ತು. ಹೋಗಲಿಲ್ಲವಂತೆ. ಒಂದು ದಿನದ ಸಂಬಳ ಹೋಗುತ್ತದೆ ಅಂತ.

"ಅಜ್ಜಿ, ಡಬ್ಬಿಯೊಳಗಿನ ಒಂದು ದಿನ ಇವತ್ತು ತಗೊಳ್ಲಾ?"

"ಅವು ಮಗುವಿನ ದಿನಗಳು. ತಲೆನೋವಿಗೆ ಗಾರ್ತ್‌ನ ಜಿಂಕೆ ತಿಂತೀಯಾ?"

ನಕ್ಕಳು. ಹೋದಳು. ಕಾರಿನ ಬಾಗಿಲ ಹಿಡಿಕೆ ಸಿಗದೆ ತಡಕಾಡಿದಳು — ಕಿಟಕಿಯಿಂದ ನೋಡಿದೆ. ಹಿಡಿಕೆಗೆ ಮಂಜು ಕಟ್ಟಿರಬೇಕು ಅಂದುಕೊಂಡೆ. ಮಂಜು ಕಟ್ಟಿರಲಿಲ್ಲ.

ಫೆಬ್ರವರಿ 13, ಗುರುವಾರ, ಆಸ್ಪತ್ರೆ

ಮೊನ್ನೆ ಮಧ್ಯಾಹ್ನ ಕೊರಾ ಶೆಡ್ಡಿನಲ್ಲೇ ಬಿದ್ದಳು. ಸೆಟೆದುಕೊಂಡು ಒದ್ದಾಡಿದಳಂತೆ, ಬಾಯಲ್ಲಿ ನೊರೆ. ಗುಂಡು ಸಾಗಿಸುವ ಬೆಲ್ಟ್ ನಿಲ್ಲಿಸಿದರಂತೆ. ಯುದ್ಧ ಶುರುವಾದಾಗಿನಿಂದ ಆ ಬೆಲ್ಟ್ ನಿಂತದ್ದಿಲ್ಲ.

ಊರಿಗಿರುವುದು ಒಂದೇ ಆಂಬುಲೆನ್ಸ್. ಸದ್ಯ, ಇತ್ತು. ಹಿಂದೆ ವಾಂಡಾಳ ಕಾರಿನಲ್ಲಿ ನಾನು. ಗುಡ್ಡದ ತಿರುವುಗಳಲ್ಲಿ ಕೆಂಪು ದೀಪ ಕಾಣುತ್ತದೆ, ಮರೆಯಾಗುತ್ತದೆ. ಮರೆಯಾದಾಗಲೆಲ್ಲ ಸತ್ತಳು ಅಂದುಕೊಂಡೆ.

ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿ, ಚರ್ಮ ಸುಲಿದ ಅಳಿಲಿನ ಹಾಗೆ. ಉಸಿರಿದೆ. ಕೊರಾ ಕಣ್ಣು ಬಿಟ್ಟಿಲ್ಲ. ರಕ್ತದೊತ್ತಡ ಮಿದುಳಿಗೆ ಹೊಡೆದಿದೆ ಅಂದ ಡಾಕ್ಟರ್. "ತಲೆನೋವು ಅಂದಿದ್ದಳಾ?" ಅಂತ ಕೇಳಿದ.

ಅಂದಿದ್ದಳು ಅಂದೆ. "ಯಾವಾಗ?" ಅಂದ.

ಫೆಬ್ರವರಿ 14, ಶುಕ್ರವಾರ

ಡೆಲ್ಬರ್ಟ್‌ಗೆ ಹೇಳಿದೆ. ಎಲ್ಲಾ ಹೇಳಿದೆ, ಜಿಂಕೆಯ ಮಾತೂ. ಬೈಯುತ್ತಾನೆ ಅಂತ ಕಾದೆ. ಬೈಯಲಿಲ್ಲ. "ಅಕ್ಕಾ, ಊಟ ಮಾಡಿದೆಯಾ?" ಅಂದ. ಅದಕ್ಕೇ ಹೆಚ್ಚು ಹೆದರಿದೆ.

ಫೆಬ್ರವರಿ 18, ಮಂಗಳವಾರ

ಕಾರ್ಖಾನೆಯ ಆಫೀಸಿನವಳು ಫೋನ್ ಮಾಡಿದಳು. ಮಗು ಹುಟ್ಟಿದ್ದರಿಂದ ದಾನದ ರಜೆ ಶುರುವಾಗಿದೆಯಂತೆ. "ನಿಮಗೆ ತಿಳಿದಿರಲಿ ಅಂತ, ಮೇಡಂ." ದನಿ ಮೃದುವಾಗಿತ್ತು. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಹುಡುಗಿ ಎಚ್ಚರವಿಲ್ಲದೆ ಬಿದ್ದಿದ್ದಾಳೆ. ದಿನಗಳು ಖರ್ಚಾಗುತ್ತಿವೆ. ಮಗು ಮನೆಗೆ ಬರುವ ಹೊತ್ತಿಗೆ ಡಬ್ಬಿ ಖಾಲಿ.

ವಾಂಡಾ ಬಂದಿದ್ದಳು, ಬೀನ್ಸ್ ಸೂಪು ತಂದಳು. "ಇನ್ನೊಂದು ಸಲ ಡಬ್ಬಿ ಇಡ್ತೀನಿ ಓಪಲ್" ಅಂದಳು. "ಯಾರ ಹತ್ರ ಉಳಿದಿದೆಯೇ ಕೊಡೋಕೆ?" ಅಂದೆ. ಅವಳಿಗೇ ಮೊಣಕಾಲಿನ ಆಪರೇಷನ್ ಇದೆ. ಅದಕ್ಕಿಟ್ಟಿದ್ದನ್ನೂ ಹಾಕಿಬಿಟ್ಟಿದ್ದಾಳೆ, ಮೂಳಿ.

ಫೆಬ್ರವರಿ 20, ಗುರುವಾರ, ಬೆಳಿಗ್ಗೆ

ಕಣ್ಣು ಬಿಟ್ಟಳು! ಬಲಗೈ ಆಡುವುದಿಲ್ಲ. ನಾಲಿಗೆ ತೊದಲು. ಮಗು ಹೆಣ್ಣು, ನಿನ್ನ ಮೂಗೇ ಅಂದೆ. ಕೇಳಿಸಿಕೊಂಡಳೋ ಇಲ್ಲವೋ. ಆಮೇಲೆ ಕೇಳಿದಳು:

"ಅಜ್ಜಿ... ಇವತ್ತು... ಯಾರ ರಜೆ?"

"ನಂದು" ಅಂದೆ. ಕೆಲಸ ಬಿಟ್ಟು ಎಷ್ಟೋ ವರ್ಷವಾದವಳು ನಾನು. "ನನ್ನ ಹತ್ರ ಬೇಕಾದಷ್ಟಿದೆ, ಮಲಗು."

ನಂಬಿದಳು. ಅಥವಾ ಸುಸ್ತಾದಳು. ಮತ್ತೆ ಕಣ್ಣು ಮುಚ್ಚಿದಳು.

ಅವಳ ಎದೆ ನೋಡುತ್ತ ಕೂತಿದ್ದೇನೆ. ಏಳುತ್ತದೆ, ಇಳಿಯುತ್ತದೆ. ಈಗೊಮ್ಮೆ ಏಳುವುದು ತಡವಾಯಿತು. ನನ್ನ ಕಣ್ಣೇ ಮಂಜೋ... ಮತ್ತೆ ತಡ. ನರ್ಸು ಈಗಷ್ಟೇ ನೋಡಿ ಹೋದಳು, ಸುಮ್ಮಸುಮ್ಮನೆ ಕರೆಯಬೇಡಿ ಅಂದಿದ್ದಾಳೆ. ಬೈದರೆ ಬೈಯಲಿ. ನರ್ಸನ್ನು ಕರೆಯುವ ಗುಂಡಿ ಒತ್ತುತ್ತೇನೆ.