ಒಡ್ಡು ಕಡಿಸಿದೆ, ಅಣ್ಣ

ಅಣ್ಣಾ,

ನೀನು ಕಾರವಾರದಲ್ಲಿದ್ದಾಗ ನಾನು ಬರೆದ ಕಾಗದಗಳನ್ನೆಲ್ಲ ‘ತೀರ್ಥರೂಪ’ ಎಂದೇ ಶುರುಮಾಡುತ್ತಿದ್ದೆ. ಈ ಸಲ ಕೈ ಬರಲಿಲ್ಲ. ಅಣ್ಣ ಎನ್ನುವುದನ್ನು ಬಿಡಲಿಕ್ಕೂ ಆಗಲಿಲ್ಲ.

ಬಂದರಿನ ಕೆಲಸ ಮುಗಿಸಿ ನೀನು ಹಿಲ್ಲೂರಿಗೆ ಬಂದ ವರ್ಷ ನೆನಪಿದೆ. ಅಪ್ಪ ನಮ್ಮಿಬ್ಬರ ಹೆಸರಿಗೆ ಬಿಟ್ಟುಹೋದ ಜಾಗದಲ್ಲಿ, ಎರಡು ಗುಡ್ಡಗಳ ನಡುವಿನ ಹಳ್ಳದಲ್ಲಿ ನಿಂತು, “ಇಲ್ಲೊಂದು ಮಣ್ಣಿನ ಒಡ್ಡು ಹಾಕಿದ್ರೆ ಕೆರೆ ಆಗ್ತದೆ ನೋಡು” ಎಂದಿದ್ದೆ. ಬೇಸಿಗೆಯಿಡೀ ಜೆಸಿಬಿಯಲ್ಲಿ ಮಣ್ಣು ಒಟ್ಟಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ನೀರು ತುಂಬಿತು. ಚಿತ್ತಾಕುಲದಿಂದ ಎರಡು ಪೆಡಲ್ ದೋಣಿ ಟೆಂಪೋ ಹತ್ತಿ ಬಂದವು. ಭಾನುವಾರ ಕಾರವಾರ, ಅಂಕೋಲೆಯ ಜನ ಮಕ್ಕಳನ್ನು ಕಟ್ಟಿಕೊಂಡು ಬಂದರು. ಅತ್ತಿಗೆ ಬಂಗಡೆ ಹುರಿದು ಊಟಕ್ಕೆ ಹಾಕಿದಳು. ದಿನಾ ಬೆಳಿಗ್ಗೆ ನೀನು ಕೈ ಹಿಂದೆ ಕಟ್ಟಿ ಒಡ್ಡಿನ ಮೇಲೆ ಓಡಾಡುವುದು ಕೆಳಗೆ ನನ್ನ ಅಂಗನವಾಡಿಯ ಬಾಗಿಲಿಗೇ ಕಾಣುತ್ತಿತ್ತು. “ನೋಡಿ, ಅವ ನನ್ನಣ್ಣ” ಎಂದು ಮಕ್ಕಳಿಗೆ ತೋರಿಸುತ್ತಿದ್ದೆ. ಆ ಹೆಮ್ಮೆಯನ್ನು ಈಗ ಎಲ್ಲಿಡಲಿ?

ಹೊನ್ನಮ್ಮ ಬಂದು ಕೇಳಿದ ದಿನವೂ ನೆನಪಿದೆ. ಒಡ್ಡಿನ ಕೆಳಗೆ ಗದ್ದೆ ಮಾಡುವ ಹೊನ್ನಮ್ಮ. ಮೊಮ್ಮಗಳನ್ನು ಬಿಡಲು ಬಂದವಳು ಬಾಗಿಲಲ್ಲೇ ನಿಂತಳು. “ಅಕ್ಕೋರೆ, ಒಡ್ಡಿನ ಬುಡದಲ್ಲಿ ನೀರು ಜಿನುಗ್ತದೆ. ಕೆಂಪಾಗಿ ಬತ್ತದೆ. ಎಂತದು ಅಂತ ನಿಮ್ಮ ಅಣ್ಣನ ಹತ್ರ ಒಂಚೂರು ಕೇಳಿ.” ಸಂಜೆ ಕೇಳಿದರೆ ನೀನು ನಕ್ಕೆ. “ಮಣ್ಣಿನ ಒಡ್ಡು ಬೆವರ್ತದೆ ಮಾರಾಯ್ತಿ. ಹೆದ್ರುಕೆ ಎಂತದೂ ಇಲ್ಲ. ನೀನೇ ಹೇಳು ಅವ್ರಿಗೆ, ನಿನ್ನ ಮಾತು ಕೇಳ್ತ್ರು.” ಹೇಳಿದೆನಲ್ಲ! ಕೆಳಗಿನ ನಾಲ್ಕೂ ಮನೆಯ ಜಗಲಿಯಲ್ಲಿ ಕೂತು, ಅವರು ಕೊಟ್ಟ ಚಾ ಕುಡಿದು, ನಿನ್ನ ಮಾತನ್ನೇ ಹೇಳಿದೆ. ಅವರು ನಂಬಿದರು. ನಾನು ನಿನ್ನನ್ನು ನಂಬಿದ ಹಾಗೆಯೇ...

ಈ ಯುಗಾದಿ ಕಳೆದು ಎಂಟು ದಿನಕ್ಕೆ ನಿನಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ನೀನಿರಲಿಲ್ಲ. ಕ್ರಿಯೆಗಳೆಲ್ಲ ಮುಗಿದ ಮೇಲೆ ಅತ್ತಿಗೆ ಜಾಗದ ಕಾಗದವಿದ್ದ ಚೀಲ ಕೊಟ್ಟಳು. ಅದರೊಳಗೆ ಎರಡು ವರ್ಷ ಹಳೆಯ ವರದಿ ಇತ್ತು. ಕಾರವಾರದ ನಿವೃತ್ತ ಇಂಜಿನಿಯರ್ ಒಬ್ಬರನ್ನು ನೀನೇ ಕರೆಸಿ ಒಡ್ಡು ತೋರಿಸಿದ್ದೆಯಂತೆ. ನನಗೆ ಹೇಳಿರಲಿಲ್ಲ. ಸೋರುವ ನೀರು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ, ಮಳೆಗಿಂತ ಮೊದಲು ಕೆರೆಯನ್ನು ಇಳಿಸಬೇಕು, ಕೆಳಗಿನ ಮನೆಗಳಿಗೂ ಅಂಗನವಾಡಿಗೂ ಲಿಖಿತವಾಗಿ ತಿಳಿಸಬೇಕು ಎಂದು ಅವರು ಕನ್ನಡದಲ್ಲೇ ಬರೆದಿದ್ದರು. ಅದರಡಿಯಲ್ಲಿ ತಾರೀಖು ಹಾಕಿ ನಿನ್ನ ನೀಲಿ ಪೆನ್ನಿನ ಬರಹ: ‘ಬರೆದು ಕೊಡುವುದು ಬೇಡ. ತಂಗಿ ಹೇಳಿದರೆ ಸಾಕು, ಸುಮ್ಮನಿರುತ್ತಾರೆ.’

ಹೊನ್ನಮ್ಮ ನನ್ನನ್ನು ಕೇಳುವುದಕ್ಕೆ ಒಂದು ತಿಂಗಳು ಮೊದಲೇ ಅದನ್ನು ಬರೆದಿದ್ದೆ, ಅಣ್ಣ. ಹನ್ನೊಂದು ಮಕ್ಕಳು ಒಡ್ಡಿನ ಕೆಳಗೆ ಊಟ ಮಾಡಿ ಚಾಪೆಯ ಮೇಲೆ ಮಲಗುತ್ತಿದ್ದವು. ಅವುಗಳ ಪಕ್ಕದಲ್ಲಿ ನಾನು. ಎರಡು ಮಳೆಗಾಲ! ನಿನಗೆ ನಿದ್ದೆ ಬರುತ್ತಿತ್ತೇ?

ವರದಿಯನ್ನು ಮೊದಲು ಓದಿ ಹೇಳಿದ್ದು ಹೊನ್ನಮ್ಮನ ಜಗಲಿಯಲ್ಲಿ. ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ನಿನ್ನ ನೀಲಿ ಅಕ್ಷರ ನೋಡಿದಳು. ಆಮೇಲೆ, “ನಿಮ್ಗೆ ಗೊತ್ತಿತ್ತಾ?” ಎಂದಳು.

“ಇಲ್ಲ.”

“ನಿಮ್ಮ ಅಣ್ಣಂಗೆ?”

“ಗೊತ್ತಿತ್ತು.”

ನಿನ್ನ ಬಗ್ಗೆ ಪರರ ಮನೆಯಲ್ಲಿ ಅಂಥ ಮಾತಾಡಿದ್ದು ಅದೇ ಮೊದಲು. ಅಂದು ಚಾ ಬರಲಿಲ್ಲ. ಮರುದಿನ ಅವಳ ಮೊಮ್ಮಗಳೂ ಬರಲಿಲ್ಲ.

ಅತ್ತಿಗೆಗೆ ಹೇಳಿದಾಗ ಅವಳು ನಿನ್ನ ಫೋಟೋದ ಎದುರೇ ಕೂತಿದ್ದಳು. “ಅವ್ರು ಹೋಗಿ ತಿಂಗಳಾಗ್ಲಿಲ್ಲ. ಅವ್ರು ಕಟ್ಟಿದ್ದನ್ನ ಕಡಿಸ್ತ್ಯನೇ?” ಎಂದಳು. “ಮಳೆ ಬರೂಕೆ ಮೊದ್ಲು ಕಡಿಸ್ಲೇಬೇಕು ಅತ್ತಿಗೆ” ಎಂದೆ. ಅತ್ತಳು, ನನ್ನನ್ನು ಬೈದಳು, ಕೊನೆಗೆ ಎದ್ದುಹೋಗಿ ಪಂಪ್ ಶೆಡ್ಡಿನ ಕೀಲಿ ತಂದು ಕೈಗಿಟ್ಟಳು. ಅದೇ ಇಂಜಿನಿಯರ್ ಬಸ್ಸಿನಲ್ಲಿ ಬಂದು ನಿಂತು ಮಾಡಿಸಿದರು. ಪಂಪ್ ಇಟ್ಟು ದಿನಗಟ್ಟಲೆ ನೀರಿಳಿಸಿ, ಆಮೇಲೆ ಒಂದು ಬದಿಯಿಂದ ಸ್ವಲ್ಪ ಸ್ವಲ್ಪವೇ ಒಡ್ಡು ಕಡಿಸಿದರು. ನಡುವಿಗೆ ಬಂದಾಗ ಮಣ್ಣಿನೊಳಗೆ ನೀರು ಕೊರೆದ ಬಿಲವೊಂದು ಕಂಡಿತು. ಅವರು ಭುಜದವರೆಗೂ ಕೈ ತೂರಿಸಿ ತೋರಿಸಿದರು.

ಅದಕ್ಕೂ ಮೊದಲು, ನೀರಿಳಿದು ಕೆರೆಯ ತಳ ಕಂಡ ದಿನ ಇನ್ನೊಂದು ವಿಷಯ ಗೊತ್ತಾಗಿತ್ತು. ಒಡ್ಡಿನ ಒಳಮೈಗೆ ಒತ್ತಿಟ್ಟ ಸಿಮೆಂಟಿನ ಮೂಟೆಗಳು, ನೀರಲ್ಲೇ ಗಟ್ಟಿಯಾಗಿ ಕಲ್ಲಾಗಿದ್ದವು. ಮುಳುಗಿ ಮುಳುಗಿ ತೂತು ಮುಚ್ಚಲು ನೋಡಿದ್ದೆಯಾ? “ಸಂಜೆ ಈಜುಕೆ ಹೋಗ್ತೆ ಅಂದವ್ರು ಇದನ್ನ ಮಾಡ್ತಿದ್ರನೇ...” ಎಂದು ಅತ್ತಿಗೆ ಅಲ್ಲೇ ಕುಸಿದು ಕೂತಳು. ಅದನ್ನು ಕಂಡು ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ನಿನಗೂ ಹೆದರಿಕೆ ಇತ್ತಲ್ಲ! ಹಾಗಾದರೆ ನಮ್ಮನ್ನೂ ಹೆದರಿಸಬಾರದಿತ್ತೇ? ಹೋಗುತ್ತಿದ್ದದ್ದು ಒಂದು ಕೆರೆ, ಎರಡು ದೋಣಿ. ಅಷ್ಟೇ ತಾನೇ?

ಜೂನಿನಲ್ಲಿ ಮಳೆ ಹಿಡಿಯಿತು. ಹಳ್ಳ ತನ್ನ ಹಳೆಯ ದಾರಿಯಲ್ಲೇ ಇಳಿದುಹೋಯಿತು, ಯಾರ ಅಂಗಳಕ್ಕೂ ಬರಲಿಲ್ಲ. ಅಂಗನವಾಡಿಯ ಬಾಗಿಲು ತೆಗೆದರೆ ಮೂರೇ ಮಕ್ಕಳು. ನಾನು ಯಾರ ಮನೆಗೂ ಕರೆಯಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ನಿನ್ನೆ ಬೆಳಿಗ್ಗೆ ಕೊಡೆ ಹಿಡಿದು ಹೊನ್ನಮ್ಮ ಬಂದಳು. ಮೊಮ್ಮಗಳನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ನನ್ನ ಕಡೆ ನೋಡದೆ, ಒಬ್ಬಳೇ ಹಳ್ಳದ ದಂಡೆ ಹಿಡಿದು ಮೇಲೆ ಹೋದಳು. ಒಡ್ಡಿದ್ದ ಜಾಗದವರೆಗೂ ಹೋಗಿ ನಿಂತು ನೋಡಿ, ಕಾಲಿನ ಕೆಸರು ತೊಳೆದುಕೊಂಡು ಬಂದಳು. ಆಮೇಲೆ ಮಗುವಿನ ಕೈಯನ್ನು ನನ್ನ ಕೈಗೆ ಕೊಟ್ಟು, “ಮಧ್ಯಾಹ್ನ ಬತ್ತೆ” ಎಂದು ಹೋದಳು.

ನಿನ್ನ ತಂಗಿ