ನುಣುಪು ಕೊಂಬೆ

ಚನ್ನಪಟ್ಟಣ, ಜುಲೈ ೧೪, ಸೋಮವಾರ

ನಮ್ಮ ಇಗ್ವಾನಾ ಮರಿ ಚಿಂಟು ಇವತ್ತೂ ಕೊಂಬೆಯಿಂದ ಜಾರಿಬಿತ್ತು. ತಪ್ಪು ಅತ್ತೆಯದೇ, ಆದರೆ ಹೇಗೆ ಹೇಳಲಿ? ಮೂವತ್ತು ವರ್ಷ ಲೇತ್ ಮೇಲೆ ಗೊಂಬೆ ಕಡೆದ ಕೈ. ಗಾಜಿನ ಗೂಡಿನೊಳಗೆ ಅದು ಹತ್ತಲು ಕೊಂಬೆ ಬೇಕೆಂದು ನಾನು ಕೇಳಿದ್ದಕ್ಕೆ ಉಜ್ಜಿ, ಅರಗು ಹಚ್ಚಿ, ಕನ್ನಡಿಯಂತೆ ಹೊಳೆಯಿಸಿ ಕೊಟ್ಟಿದ್ದರು. ಪಾಪ, ಅದಕ್ಕೆ ಉಗುರೂರಲು ಜಾಗವೇ ಇಲ್ಲ.

ಸಂಜೆ ಹೇಳಿಯೇಬಿಟ್ಟೆ. ಅವರ ಮುಖ ಸಪ್ಪಗಾಯಿತು.

"ಮಗೀಗೆ ಚುಚ್ಬಾರ್ದು ಅಂತ ನೈಸ್ ಮಾಡಿದ್ನಲ್ಲವ್ವ!"

ಮೊನ್ನೆಯವರೆಗೆ ಹಲ್ಲಿ ಎಂದು ಮೂಗು ಮುರಿಯುತ್ತಿದ್ದವರು! ಆಮೇಲೆ ತಾವೇ ಉಳಿ ತಂದು ಕೊಂಬೆಯ ತುಂಬ ಗೀರು ಹಾಕಿದರು. ಗೊಂಬೆಯ ಮೇಲೆ ಒಂದೇ ಒಂದು ಗೀರು ಕಂಡರೂ ಪಕ್ಕಕ್ಕೆ ಎಸೆಯುವ ಹೆಂಗಸು.

ಚಿಂಟು ತುದಿಗೇರಿ ಮಲಗಿದೆ. ನನಗೂ ಕಣ್ಣೆಳೆಯುತ್ತಿದೆ. ಅತ್ತೆಯನ್ನು ಕರೆದರೆ ಗೂಡಿನ ಮುಂದಿಂದ ಏಳುತ್ತಿಲ್ಲ. "ಒಸಿ ತಡಿಯವ್ವ, ನಿದ್ದೇಲಿ ಬಿದ್ಗಿದ್ದಾತು..."