ನೀಲಿ ಗುರುತಿನ ಮೇಕೆಗಳು

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಯಿಬಡುಕ ತಮ್ಮನ ನಮಸ್ಕಾರ. ನಿನ್ನ ಪತ್ರ ಕೈಸೇರಿ ಬಹಳ ದಿನವಾಯಿತು. ಜೇಬಿನಲ್ಲಿಟ್ಟುಕೊಂಡೇ ಓಡಾಡಿ ಮಡಿಕೆಗಳೆಲ್ಲ ಹರಿದಿವೆ. ಸಂತೆಯಲ್ಲಿ ಮೂವರ ಮಾತನ್ನು ಒಬ್ಬನೇ ಆಡುವ ನಾನು ಉತ್ತರ ಬರೆಯಲು ಇಷ್ಟು ತಡಮಾಡಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಮೊಮ್ಮಗನ ಕೆನ್ನೆ ತುಂಬಿಕೊಳ್ಳುತ್ತಿದೆ ಎಂದು ಬರೆದಿದ್ದೀಯ. ಆ ಸಾಲನ್ನು ದಿನಾ ಓದುತ್ತೇನೆ. ನಿನ್ನ ಹಾಲಿನ ಮೇಕೆ ಬಿಳಿಕಿವಿ ಹೇಗಿದ್ದಾಳೆ ಎಂದೂ ಕೇಳಿದ್ದೀಯ. ಬರೆಯುತ್ತೇನೆ, ತಡಿ.

ಮೊದಲು ಇಲ್ಲಿನ ಸುದ್ದಿ. ನೀನು ಹಿಂಡನ್ನು ನನಗೊಪ್ಪಿಸಿ, ಮಗುವನ್ನು ಎತ್ತಿಕೊಂಡು ಪರಿಹಾರ ಶಿಬಿರಕ್ಕೆ ಹೋದ ಮೇಲೆ ಮಿಡತೆ ಇನ್ನೊಂದು ಸಲ ಬಂತು. ಉಳಿದ ಹುಲ್ಲೂ ಹೋಯಿತು. ಮೇಕೆ ಕೋಳಿಯ ಬೆಲೆಗೆ ಇಳಿಯಿತು. ಆಗ ಪರಿಹಾರ ಸಂಸ್ಥೆಯವರು ಬಂದು, ಮೇಕೆ ದಲ್ಲಾಳಿಯಾದ ನನ್ನನ್ನೇ ಕೆಲಸಕ್ಕೆ ಕರೆದರು. ಯೋಜನೆ ಕೇಳಲು ಸೊಗಸಾಗಿತ್ತು. ಬರೀ ಕಾಳು ಹಂಚಿದರೆ ಜನ ಈ ವರ್ಷ ಉಳಿದು ಮುಂದಿನ ವರ್ಷ ಮತ್ತೆ ಕೈಯೊಡ್ಡುತ್ತಾರೆ, ಹಾಗಾಗಿ ಹಿಂಡೂ ಉಳಿಯಬೇಕು. ಸೊರಗಿದ ಮೇಕೆಯ ಬೆನ್ನಿಗೆ ಕೆಂಪು ಬಣ್ಣ. ಅದನ್ನು ಸಂಸ್ಥೆಯೇ ಕೊಂಡು, ಕಡಿಸಿ, ಮಾಂಸ ಹಂಚುತ್ತದೆ. ಮರಿ ಹಾಕುವ, ಹಾಲು ಕೊಡುವ ಗಟ್ಟಿ ಮೇಕೆಗೆ ನೀಲಿ. ಅದಕ್ಕೆ ಮಳೆ ಬರುವವರೆಗೂ ಹಿಂಡಿ. ನೀಲಿ ಬಿದ್ದದ್ದನ್ನು ಯಾರೂ ಮಾರುವಂತಿಲ್ಲ.

ನಿನ್ನ ಹಿಂಡಿನ ಬೆನ್ನು ಸವರಿ ನೋಡಿದ ದನದ ಡಾಕ್ಟರು, "ಇವಕ್ಕೆ ಕೆಂಪು ಹಚ್ಚಿದ್ರೆ ನನ್ನ ಕೈ ಸೇದೋಗುತ್ತೆ" ಎಂದರು. ಎಲ್ಲಕ್ಕೂ ನೀಲಿ! ನಾನು ಮದುವೆಮನೆಯ ಯಜಮಾನನ ಹಾಗೆ ಬೀಗಿದೆ.

ಮರುದಿನವೇ ನನ್ನ ಹಳೇ ಪೈಪೋಟಿದಾರ ಕೋಳಿಗಣ್ಣ ಬಂದ. "ನಿಮ್ಮಕ್ಕನ ಹಿಂಡು ಇವತ್ತು ಕೊಟ್ರೆ ಮೇಕೆ ರೇಟು. ನಾಳೆ ಬಂದ್ರೆ ಬರೀ ಚರ್ಮದ ರೇಟು."

"ನೀಲಿಗೆ ಕೈ ಹಾಕಿದ್ರೆ ಬೆರಳು ಉಳಿಯಲ್ಲ ಕಣಯ್ಯ, ನಡಿ" ಎಂದೆ. ಅವನು ನಗುತ್ತಾ ಹೋದ. ಆ ನಗು ಈಗಲೂ ಕಿವಿಯಲ್ಲಿದೆ.

ಕೆಂಪಿನ ಕೆಲಸ ಚಕಚಕನೆ ನಡೆಯಿತು. ಮಾಂಸದ ಗಾಡಿ ಒಂದು ದಿನವೂ ತಪ್ಪಲಿಲ್ಲ. ಹಿಂಡಿಯ ಲಾರಿ ಮಾತ್ರ ಬರಲೇ ಇಲ್ಲ. ಮರದ ತೊಗಟೆ ಹೆರೆದು ಹಾಕಿದೆ, ನನ್ನ ಚಾಪೆ ಬಿಚ್ಚಿ ಹಾಕಿದೆ. ಕೊನೆಗೆ ಸಂಸ್ಥೆಯ ಮೇಡಂ ಹತ್ತಿರ ಹೋದೆ. ಒಳ್ಳೆಯ ಹುಡುಗಿ. ಅವಳೂ ನಿದ್ದೆಗೆಟ್ಟಿದ್ದಳು.

"ಮಾಂಸಕ್ಕೆ ಬೇರೆ ಹಣ, ಮೇವಿಗೆ ಬೇರೆ ಹಣ ಅಣ್ಣ. ಹಸಿದ ಮಕ್ಕಳಿಗೆ ಊಟ ಅಂದ್ರೆ ಎಲ್ಲಾರೂ ಕೊಡ್ತಾರೆ. ಮೇಕೆಗೆ ಹಿಂಡಿ ಅಂದ್ರೆ ಯಾರೂ ಕೈ ಬಿಚ್ಚಲ್ಲ."

"ಹಾಗಾದ್ರೆ ಮೇಕೆಗಳ ಹೆಸರಲ್ಲೇ ರೇಷನ್ ಕಾರ್ಡ್ ಮಾಡಿಸ್ತೀನಿ, ತಗೊಳ್ಳಿ ಮೇಡಂ. ಅವಕ್ಕೂ ಎರಡು ಕಿವಿ, ಒಂದು ಹೊಟ್ಟೆ."

ಅವಳು ನಕ್ಕಳು. ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಅತ್ತರೆ ಮೇಕೆಗೆ ಮೇವಾಗುತ್ತದೆಯೇ ಅಕ್ಕ?

ಅಷ್ಟರಲ್ಲಿ ನಿನ್ನ ಹಿಂಡಿನ ಪಕ್ಕೆಲುಬು ಎಣಿಸುವಂತಾಗಿತ್ತು. ಡಾಕ್ಟರು ಎರಡನೇ ಸಲ ಬಂದಾಗ ಕೈಯಲ್ಲಿ ಕೆಂಪಿನ ಡಬ್ಬಿ ಮಾತ್ರ ಇತ್ತು. ನೀಲಿಯ ಮೇಲೆಯೇ ಬಳಿದರು. ಆಗ ಅವರ ಕೈ ಸೇದಿಹೋಗಲಿಲ್ಲ.

ಹಿಂಡಿ ನಿನ್ನೆ ಬಂತು. ಲಾರಿ ಡ್ರೈವರು, "ಯಜಮಾನ್ರೇ, ಕೊಟ್ಟಿಗೆ ಎಲ್ಲಿ, ಎಲ್ಲಿ ಇಳಿಸ್ಲಿ?" ಎಂದ. "ಎಲ್ಲಿ ಬೇಕಾದ್ರೂ ಇಳಿಸಪ್ಪ, ಜಾಗಕ್ಕೇನು ಬರ" ಎಂದೆ. ಜೊತೆಗೆ ಬಂದಿದ್ದ ದೊಡ್ಡ ಸಾಹೇಬರಿಗೆ ಫೋಟೋ ಬೇಕಾಗಿತ್ತು. ಮೂಟೆಯ ಪಕ್ಕ ಒಂದೆರಡು ಮೇಕೆ ನಿಲ್ಲಿಸಿ ಎಂದರು. ನಾನೇ ಹೋಗಿ ನಿಂತೆ. ಎರಡು ಕಾಲಲ್ಲಿ ನಿಲ್ಲಲೋ ನಾಲ್ಕು ಕಾಲಲ್ಲೋ ಎಂದು ಕೇಳಿದೆ. ಯಾರೂ ನಗಲಿಲ್ಲ.

ನಾನು ಚೆನ್ನಾಗಿದ್ದೇನೆ. ನಿನ್ನ ಬೆನ್ನುನೋವಿಗೆ ಶಿಬಿರದ ನರ್ಸಮ್ಮನನ್ನು ಕೇಳು, ಸಂಕೋಚಪಡಬೇಡ. ಮೊಮ್ಮಗ ನೂರು ವರ್ಷ ಬಾಳಲಿ, ಈ ತಾತನ ಬಾಯಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವನಿಗೆ ಬರಲಿ.

ನಿನ್ನ ತಮ್ಮ,
ಬಾಯಿಬಡುಕ

ಮ.ವಿ.: ಬಿಳಿಕಿವಿಯ ವಿಷಯ. ಶಿಬಿರದಲ್ಲಿ ಬಹಳ ತಿಂಗಳ ಮೇಲೆ ಮಾಂಸ ಕೊಟ್ಟರು, ಮಗು ಬೆರಳು ನೆಕ್ಕಿಕೊಂಡು ತಿಂದು ನಿನ್ನ ಮಡಿಲಲ್ಲೇ ಮಲಗಿತು ಎಂದು ಬರೆದಿದ್ದೆಯಲ್ಲ. ಆ ವಾರ ನಿಮ್ಮ ಶಿಬಿರಕ್ಕೆ ಹೋದದ್ದು ನಮ್ಮ ಗಾಡಿಯೇ. ಬಿಳಿಕಿವಿಯೂ ಸೇರಿ ನಿನ್ನ ಹಿಂಡು ಪೂರ್ತಿ ಅದರಲ್ಲಿತ್ತು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವಳಿಗೆ ತಿನ್ನಿಸುತ್ತಿದ್ದ ಹುಡುಗ ಅವನು, ಅವನಿಗೆ ಹೇಳಬೇಡ. ನಿನಗೂ ಹೇಳುತ್ತಿರಲಿಲ್ಲ. ಆದರೆ ಬರುವ ತಿಂಗಳು ಮಗುವನ್ನು ಕರೆದುಕೊಂಡು ಬಂದುಬಿಡುತ್ತೇನೆ, ಬಿಳಿಕಿವಿಯ ಹಾಲೊಂದಿದ್ದರೆ ಸಾಕು ಎಂದಿದ್ದೀಯ. ಹೊರಡಬೇಡ ಅಕ್ಕ. ಇಲ್ಲಿ ಹಾಲಿಲ್ಲ. ಹಿಂಡಿ ಬೇಕಾದಷ್ಟಿದೆ.